ನಿದ್ದೆಗೊಂದು ಸಹಿ

ಕಳೆದ ವಾರ ನನಗೊಂದು ಕೆಲಸ ಸಿಕ್ಕಿತ್ತು. ಸಂಬಳ ಇಲ್ಲ, ಪೆನ್ಷನ್ ಇಲ್ಲ. ಒಬ್ಬ ಗಟ್ಟಿಮುಟ್ಟಾದ, ಐವತ್ತು ದಾಟಿದ, ಮೀಸೆ ಹೊತ್ತ ಮನುಷ್ಯನನ್ನು ಹಗಲು ಹೊತ್ತಿನಲ್ಲಿ ನಿದ್ದೆ ಮಾಡಿಸುವುದು. ಮಾಡಿಸಿ, ಎಷ್ಟು ಗಂಟೆ ಮಾಡಿದ ಎಂದು ಚೀಟಿಯಲ್ಲಿ ಬರೆದು ಸಹಿ ಹಾಕುವುದು.

ನಗಬೇಡಿ. ನನ್ನ ಜೀವನದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿಲ್ಲ.

ಕೆಲಸ ಕೊಟ್ಟವರು ಮಾಧವರಾಯರು. ನಮ್ಮ ಮಹಡಿ ಮನೆಯ ಬಾಡಿಗೆದಾರರು, ಡ್ಯಾಮಿನಲ್ಲಿ ಎಂಜಿನಿಯರು. ಬಳ್ಳಾರಿ ಕಡೆಯವರೇ, ಆದರೆ ಇಲ್ಲಿಗೆ ಬರುವ ಮುಂಚೆ ಹಲವು ವರ್ಷ ಒಂದು ಅಣು ವಿದ್ಯುತ್ ಸ್ಥಾವರದಲ್ಲಿ ದುಡಿದು ಬಂದವರು. ಆ ಸ್ಥಾವರದಿಂದ ಅವರು ಒಂದು ಗೋದ್ರೇಜ್ ಬೀರು, ಒಂದು ಸ್ಟೀಲ್ ಮಂಚ ಮತ್ತು ಒಂದು ವಿಚಿತ್ರ ಹಟ ತಂದಿದ್ದಾರೆ. ಬೀರು, ಮಂಚ ಮಹಡಿಯಲ್ಲಿವೆ. ಹಟ ಮಾತ್ರ ಅಂದು ಬೆಳಿಗ್ಗೆ ಮೆಟ್ಟಿಲಿಳಿದು ನಮ್ಮ ಪಡಸಾಲೆಗೇ ಬಂತು.

ಆ ವಾರ ಹೇಗಿತ್ತು ಎಂದು ನಿಮಗೆ ಬೇರೆ ಹೇಳಬೇಕೇ? ಹೊಳೆಯ ಮೇಲ್ಭಾಗದಲ್ಲಿ ಮಳೆ, ಇಲ್ಲೂ ಮಳೆ. ಹಂಪಿಯಲ್ಲಿ ಪುರಂದರ ಮಂಟಪ ಮುಳುಗಿತ್ತು, ಕಂಪ್ಲಿ ಸೇತುವೆಯ ಮೇಲೆ ನೀರು ಹತ್ತಿತ್ತು. ಡ್ಯಾಮಿನ ಗೇಟು ಎಷ್ಟು ಎತ್ತಿದ್ದಾರೆ ಎಂಬುದು ಬಿಟ್ಟು ಹೊಸಪೇಟೆಯಲ್ಲಿ ಬೇರೆ ಮಾತಿರಲಿಲ್ಲ. ಎತ್ತುವವರಿಗೆ ನಿದ್ದೆ ಇದೆಯೇ ಎಂದು ಕೇಳಿದವರೂ ಇರಲಿಲ್ಲ. ಕೇಳಿದವರು ಮಾಧವರಾಯರೊಬ್ಬರೇ.

ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತಟ್ಟಿದರು. ಪಕ್ಕದಲ್ಲಿ ಒದ್ದೆ ರೇನ್‌ಕೋಟಿನಲ್ಲಿ ಇನ್ನೊಬ್ಬರು.

"ಸರ್, ಇವ್ರು ಕರಿಬಸಪ್ಪ ಅಂತ. ನಮ್ಮ ಗೇಟ್ ಆಪರೇಟರ್. ರಾತ್ರಿ ಪೂರ್ತಿ ಡ್ಯೂಟಿ ಮಾಡ್ಯಾರ. ಅದರ ಹಿಂದಿನ ದಿನಾನೂ ಮಲಗಿಲ್ಲ. ಇವ್ರ ಊರು ಕಂಪ್ಲಿ, ರೋಡಿಗೆ ನೀರು ಬಂದು ಬಸ್ಸು ಕಮಲಾಪುರದಾಗ ನಿಂತಾವ. ನಿಮ್ಮನ್ಯಾಗ ಮಲಗಿಸ್ರಿ. ಸಂಜಿ ಆರಕ್ಕ ನನಗ ವಾಪಸ್ ಬೇಕು."

"ಮಹಡಿ ಮೇಲೆ ನಿಮ್ಮ ಮನೆ ಖಾಲಿ ಇದೆಯಲ್ಲ?" ಎಂದೆ. (ಬಾಡಿಗೆ ಕೊಟ್ಟವನ ಬುದ್ಧಿ!)

"ಮ್ಯಾಲೆ ತಗಡು ಐತ್ರಿ ಸರ್. ಮಳಿ ಬಿದ್ರ ತಮಟಿ ಬಾರಿಸಿದಂಗ. ನೀವೇ ಹಾಕಿಸಿದ್ದು."

ರಾಯರು ಜೇಬಿನಿಂದ ಒಂದು ಚೀಟಿ ತೆಗೆದರು. ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ನೋಡಿದವರ ಸಹಿ. ಇಷ್ಟೇ. ಕನಿಷ್ಠ ನಾಲ್ಕು ಗಂಟೆ ನಿದ್ದೆ ಇಲ್ಲದಿದ್ದರೆ ಕರಿಬಸಪ್ಪ ಸಂಜೆ ಗೇಟಿನ ಸ್ವಿಚ್ಚು ಮುಟ್ಟುವ ಹಾಗಿಲ್ಲ.

"ಅವರನ್ನೇ ಕೇಳಿದರೆ ಆಯಿತಲ್ಲ, ನನ್ನ ಸಹಿ ಯಾಕೆ?"

"ದಣಿದವ್ನಿಗೆ ತಾನು ದಣಿದೀನಿ ಅಂತ ಗೊತ್ತಾಗಂಗಿಲ್ರೀ ಸರ್. ಎಲ್ಲಾರಿಗಿಂತ ಕಡೀಕ ಗೊತ್ತಾಗೋದು ಅವ್ನಿಗೇ. ಅದಕ್ಕ ಬ್ಯಾರೆಯವ್ರು ಬೇಕು."

ಈ ಹಟದ ಹಿಂದಿನ ಕಥೆ ನನಗೆ ಮೊದಲೇ ಗೊತ್ತಿತ್ತು. ಒಂದು ಸಂಜೆ ಟೆರೇಸಿನ ಮೇಲೆ ಅವರೇ ಹೇಳಿದ್ದರು. ಆ ಸ್ಥಾವರಕ್ಕೆ ಹೋಗುವ ದಾರಿಯಲ್ಲಿ ಮಳೆಗಾಲದಲ್ಲೊಮ್ಮೆ ಗುಡ್ಡ ಕುಸಿಯಿತು. ಒಳಗಿದ್ದ ತಂಡ ಹೊರಗೆ ಹೋಗುವಂತಿಲ್ಲ, ಹೊರಗಿನ ತಂಡ ಒಳಗೆ ಬರುವಂತಿಲ್ಲ. ಇಷ್ಟು ತಾಸು ದುಡಿದವನು ಸ್ಥಾವರ ನಡೆಸುವ ಕಂಟ್ರೋಲ್ ಪ್ಯಾನಲ್ ಮುಂದೆ ಕೂರಬಾರದು ಎಂಬುದು ನಿಯಮ. ಪ್ಯಾನಲ್ ಒಂದು ನಿಮಿಷವೂ ಖಾಲಿ ಇರಬಾರದು ಎಂಬುದೂ ನಿಯಮ. ಎರಡರಲ್ಲಿ ಯಾವುದನ್ನು ಮುರಿಯುತ್ತೀರಿ?

ನಾನಾಗಿದ್ದರೆ ಮೊದಲನೆಯದನ್ನು ಮುರಿದು, ಮೇಲೆ ಒಂದು ಭಾಷಣ ಮಾಡುತ್ತಿದ್ದೆ. ಅಲ್ಲಿನ ಹಿರಿಯರೊಬ್ಬರು ಹಾಗೆ ಮಾಡಲಿಲ್ಲವಂತೆ. ಗುಡ್ಡ ಕುಸಿದ ಸುದ್ದಿ ಬಂದ ಕೂಡಲೇ, ಇನ್ನೂ ಎಲ್ಲರೂ ಚುರುಕಾಗಿರುವಾಗಲೇ, ಅರ್ಧ ಜನರನ್ನು ಕ್ಯಾಂಟೀನಿನಲ್ಲಿ ಚಾಪೆ ಹಾಸಿ ಮಲಗಿಸಿಬಿಟ್ಟರಂತೆ. ನಮಗೆ ನಿದ್ದೆ ಬಂದಿಲ್ಲ ಎಂದು ಅವರು ಗೊಣಗಿದರೂ ಬಿಡಲಿಲ್ಲ. "ದಣಿದ ಮ್ಯಾಲೆ ಮಲಗಿಸೋದು ಎಲ್ಲಾರೂ ಮಾಡ್ತಾರ. ದಣಿಯೋಕಿಂತ ಮೊದ್ಲು ಮಲಗಿಸೋದು ಕೆಲಸ," ಎಂದಿದ್ದರು ರಾಯರು. ಅಂಥ ಹೊತ್ತಿನಲ್ಲಿ ನಿಯಮ ಸಡಿಲಿಸಲು ಕಾಗದ ಬರೆಯಬಹುದಂತೆ, ಅದಕ್ಕೂ ದಾರಿ ಇದೆಯಂತೆ. "ಕಾಗದ ಬರೀಬಹುದ್ರಿ. ನಿದ್ದಿಗೆಟ್ಟ ಕಣ್ಣು ಕಾಗದದ ಮಾತು ಕೇಳಂಗಿಲ್ಲಲ್ಲ?"

ಅದೇ ಪಾಠವನ್ನು ಇಲ್ಲೂ ಮಾಡಿದ್ದರು. ಖಾಜಾ ಹುಸೇನ್ ಎಂಬ ಇನ್ನೊಬ್ಬ ಆಪರೇಟರನ್ನು ಹಿಂದಿನ ರಾತ್ರಿಯೇ ಸ್ಟೋರ್ ರೂಮಿನಲ್ಲಿ ಮಲಗಿಸಿ, ಬೆಳಿಗ್ಗೆ ಎಂಟಕ್ಕೆ ಎಬ್ಬಿಸಿ ಗೇಟಿಗೆ ಕೂರಿಸಿದ್ದರು. ಹನ್ನೆರಡು ತಾಸು, ರಾತ್ರಿ ಎಂಟರ ತನಕ, ಅವನ ಲೆಕ್ಕ. ಅಷ್ಟರೊಳಗೆ ಕರಿಬಸಪ್ಪ ಕಣ್ಣು ತುಂಬ ನಿದ್ದೆ ಮಾಡಿ ಬರಬೇಕು. ಯಾಕೆಂದರೆ ಮೇಲಿನಿಂದ ದೊಡ್ಡ ನೀರು ಬರುವುದು ಸಂಜೆಗೆ.

ಸರಿ, ಕರಿಬಸಪ್ಪನವರನ್ನು ಒಳಗೆ ಕರೆದೆವು. ಮೊದಲು ಏನು ಮಾಡಿದೆವು ಹೇಳಿ? ಚಹಾ ಕೊಟ್ಟೆವು.

ಮನೆಗೆ ಬಂದವರಿಗೆ ಚಹಾ ಕೊಡದೆ ಇರುವುದುಂಟೇ? ನನ್ನ ಹೆಂಡತಿ ಶಾರದೆ ಶುಂಠಿ ಜಜ್ಜಿ, ಪುಡಿ ಎರಡು ಚಮಚ ಜಾಸ್ತಿ ಹಾಕಿ, ಖಡಕ್ ಚಹಾ ಮಾಡಿದಳು. ಮಳೆಯಲ್ಲಿ ನೆನೆದು ಬಂದಿದ್ದಾರೆ, ಪಾಪ. ಅವರು ಕುಡಿದರು. ಒಂದು ಕಪ್ಪಿಗೆ ನಿಲ್ಲಿಸಬಾರದೆಂದು ನಾನು ಇನ್ನೊಂದು ಕಪ್ಪು ಬಗ್ಗಿಸಿದೆ. ಅವರು ಬ್ಯಾಡ್ರಿ ಬ್ಯಾಡ್ರಿ ಎನ್ನುತ್ತಲೇ ಅದನ್ನೂ ಕುಡಿದರು. ನಿದ್ದೆ ಮಾಡಲು ಬಂದವರಿಗೆ ಬರುತ್ತಲೇ ಎರಡು ಕಪ್ ಚಹಾ ಕುಡಿಸಿದ ಜಾಣರು ನಾವು. ಒಗ್ಗರಣೆ ಮಂಡಕ್ಕಿ ಬೇರೆ, ಮೇಲೊಂದು ಮಿರ್ಚಿ.

ಹತ್ತಕ್ಕೆ ಒಳಕೋಣೆಯಲ್ಲಿ ಹಾಸಿಗೆ ಹಾಸಿ, ಕಿಟಕಿಗೆ ಕೌದಿ ಕಟ್ಟಿ ಕತ್ತಲು ಮಾಡಿದೆವು. ಅವರ ಮೊಬೈಲನ್ನು ಶಾರದೆಯ ಕೈಗೆ ಕೊಡಬೇಕೆಂದು ರಾಯರ ಆಜ್ಞೆ. ಅದು ಸಕ್ಕರೆ ಡಬ್ಬದ ಪಕ್ಕ ಹೋಯಿತು.

ಹತ್ತೂವರೆಗೆ ಪಕ್ಕದ ಮನೆಯವರು ಬಂದರು. ಡ್ಯಾಮಿನವರು ಬಂದಿದ್ದಾರಂತೆ, ಎಷ್ಟು ಗೇಟು ಎತ್ತಿದ್ದಾರಂತೆ? ಹನ್ನೊಂದಕ್ಕೆ ಎದುರು ಮನೆಯವರು. ಹನ್ನೊಂದೂವರೆ ಹೊತ್ತಿಗೆ ನಮ್ಮ ಹೊಸ್ತಿಲ ಮುಂದೆ ಮದುವೆ ಮನೆಯಷ್ಟು ಚಪ್ಪಲಿ. ನಾನು ತುಟಿಯ ಮೇಲೆ ಬೆರಳಿಟ್ಟು ಒಬ್ಬೊಬ್ಬರನ್ನೇ ಕಳಿಸಿದೆ. ಆ ದಿನ ನಮ್ಮ ಓಣಿಯಲ್ಲಿ ನಾನು ಸಂಪಾದಿಸಿದ ವೈರ ಇನ್ನೂ ತೀರಿಲ್ಲ.

ಹನ್ನೆರಡಕ್ಕೆ ಇಣುಕಿ ನೋಡಿದರೆ ಮನುಷ್ಯ ಹಾಸಿಗೆಯ ಮೇಲೆ ಕೂತಿದ್ದಾರೆ. ಕಣ್ಣು ಕೆಂಡ.

"ಯಾಕ್ರೀ, ನಿದ್ದಿ ಬರವಲ್ದಾ?" ಎಂದೆ, ಅವರದೇ ಧಾಟಿಯಲ್ಲಿ.

"ಬರತೈತ್ರಿ ಸರ್. ಆದ್ರ ಕಣ್ಣು ಮುಚ್ಚಿದ್ರ ಮಗಳ ಓಣಿ ಕಾಣತೈತಿ."

ಆಗ ವಿಷಯ ತಿಳಿಯಿತು. ಮಗಳನ್ನು ಕಂಪ್ಲಿಯಲ್ಲೇ ಕೊಟ್ಟಿದ್ದಾರೆ, ಹೊಳೆಯ ಪಕ್ಕದ ಓಣಿಗೆ. ಎರಡು ತಿಂಗಳ ಬಾಣಂತಿ. ಹಿಂದಿನ ದಿನ ಹಗಲೆಲ್ಲ ಅವಳ ಮನೆಯ ಜೋಳದ ಚೀಲ, ಪಾತ್ರೆ ಪಗಡೆ ಅಟ್ಟಕ್ಕೆ ಏರಿಸಿ, ಅಲ್ಲಿಂದ ಸೀದಾ ಡ್ಯೂಟಿಗೆ ಬಂದವರು. ಅವಳು ಆ ಮನೆ ಬಿಟ್ಟು ಎತ್ತರದ ಜಾಗಕ್ಕೆ ಹೋದಳೋ ಇಲ್ಲವೋ ಗೊತ್ತಿಲ್ಲ.

"ನಾನ ಗೇಟ್ ಎತ್ತತೀನ್ರೀ ಸರ್. ಆ ನೀರು ನನ್ನ ಮಗಳ ಮನೀ ಮುಂದ ಹೋಗತೈತಿ. ನಾ ಆದ್ರ ಸ್ವಲ್ಪ ಸ್ವಲ್ಪ, ನಿಂತು ನಿಂತು ಎತ್ತತೀನಿ. ಕೆಳಗಿನ ಮಂದಿಗೆ ಸರಿಯಾಕ ಟೈಮ್ ಸಿಗತೈತಿ. ಬ್ಯಾರೆಯವ್ರು ಹ್ಯಾಂಗ ಎತ್ತತಾರೋ. ಸಂಜಿಗೆ ನಾನ ಇರಬೇಕ್ರಿ ಅಲ್ಲಿ."

ಇರಬೇಕೆಂದರೆ ಮಲಗಬೇಕು. ಮಲಗಬೇಕೆಂದರೆ ಆ ಚಿಂತೆ ಹೋಗಬೇಕು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಇದ್ದವನಿಗೆ ಏನು ಮಾಡಬೇಕೆಂದು ಆ ಗಾದೆ ಮಾಡಿದವರು ಹೇಳಿಲ್ಲ.

ಒಂದೂಮುಕ್ಕಾಲಿಗೆ ಸಕ್ಕರೆ ಡಬ್ಬದ ಪಕ್ಕದಿಂದ ಮೊಬೈಲ್ ಹೊಡೆದುಕೊಂಡಿತು. ಫೋನು ಕೊಡಬಾರದು ಎಂದು ರಾಯರು ಹೇಳಿದ್ದರು. ನಾನು ನಿಯಮ ನಿಯಮ ಎನ್ನುವಷ್ಟರಲ್ಲಿ ಶಾರದೆ ಎದ್ದು ಹೋಗಿ ಒಳಗೆ ಕೊಟ್ಟೇಬಿಟ್ಟಳು. "ಬಾಣಂತಿ ಮಗಳ ಫೋನು ಬ್ಯಾಡ ಅಂತಾರೇನ್ರಿ? ನಿಮ್ಮ ರಾಯರಿಗೆ ಮಕ್ಕಳಿದ್ರ ಗೊತ್ತಾಗ್ತಿತ್ತು," ಎಂದು ನನಗೆ ಚುಚ್ಚಿದಳು.

ಮಗಳು ಅತ್ತೆಯನ್ನೂ ಕೂಸನ್ನೂ ಕರೆದುಕೊಂಡು ರೈಸ್‌ಮಿಲ್ಲಿನ ಮಹಡಿ ಸೇರಿದ್ದಳು. ಓಣಿಯ ಇನ್ನೂ ಬಹಳ ಮಂದಿ ಮನೆಯಲ್ಲೇ ಇದ್ದಾರೆ ಎಂದಳಂತೆ. ಕರಿಬಸಪ್ಪ ಫೋನು ಇಟ್ಟರು, ಅಡ್ಡಾದರು. ಎರಡಕ್ಕೆ ಗೊರಕೆ ಶುರುವಾಯಿತು. ನನ್ನ ಕಿವಿಗೆ ಅಷ್ಟು ಇಂಪಾದ ಗೊರಕೆ ಹಿಂದೆಂದೂ ಬಿದ್ದಿರಲಿಲ್ಲ. ಶಾರದೆ ಕುಕ್ಕರ್ ಕೂಡ ಇಡಲಿಲ್ಲ, ಸೀಟಿ ಕೂಗುತ್ತದೆಂದು.

ನಾಲ್ಕೂವರೆ. ಮನೆಯ ಮುಂದಿನ ರಸ್ತೆಯಲ್ಲಿ ಸಂಡೂರಿನಿಂದ ಬಂದ ಅದಿರು ಲಾರಿಯೊಂದು ಗುಂಡಿಯಲ್ಲಿ ತೊನೆದಾಡಿ, ಎದುರಿನವನಿಗೆ ದಾರಿ ಬಿಡೆಂದು ಹಾರ್ನ್ ಒತ್ತಿತು. ಒತ್ತಿದವನು ಕೈ ತೆಗೆಯಲೇ ಇಲ್ಲ. ಕಿಟಕಿಯ ಗಾಜು ಅದುರಿತು.

ಕರಿಬಸಪ್ಪ ಎದ್ದು ಕೂತರು. ಮತ್ತೆ ಮಲಗಲು ನೋಡಿದರು, ಆಗಲಿಲ್ಲ. ಐದೂವರೆಗೆ ಮುಖ ತೊಳೆದು, ಕ್ರಾಪು ಬಾಚಿ, ವಿಭೂತಿ ಹಚ್ಚಿ ಪಡಸಾಲೆಗೆ ಬಂದರು. ನೋಡಿದರೆ ಚೆನ್ನಾಗಿಯೇ ಇದ್ದರು.

ನಾನು ಚೀಟಿ ತೆಗೆದೆ. ಪೆನ್ನು ತೆಗೆದೆ. ಎರಡರಿಂದ ನಾಲ್ಕೂವರೆ ಎಂದರೆ ಎರಡೂವರೆ ಗಂಟೆ. ಬೇಕಾದದ್ದು ನಾಲ್ಕು. ಈ ಮನುಷ್ಯ ಹನ್ನೆರಡೂವರೆಗೆ ಮಲಗಿದ ಎಂದು ಬರೆದರೆ ಯಾರ ಗಂಟು ಹೋಗುತ್ತದೆ? ಅವರಿಗೆ ಅಲ್ಲಿರಬೇಕು. ಮಗಳು ಅಲ್ಲಿದ್ದಾಳೆ. ನಾನೊಬ್ಬ ಅಂಕಣಕಾರ, ಇದ್ದದ್ದಕ್ಕೆ ಸ್ವಲ್ಪ ಸೇರಿಸಿ ಬರೆಯುವುದು ನನಗೇನು ಹೊಸದೇ?

"ಹನ್ನೆರಡೂವರೆ ಅಂತ ಬರೀತೀನ್ರಿ," ಎಂದೆ.

ಅವರು ನನ್ನ ಪೆನ್ನಿನ ಮೇಲೆ ಕೈ ಇಟ್ಟರು.

"ಬ್ಯಾಡ್ರಿ ಸರ್. ಎರಡಕ್ಕ ಮಲಗಿದ ಅಂತಾನ ಬರೀರಿ."

"ಬರೆದರೆ ನಿಮ್ಮನ್ನು ಬಿಡೋದಿಲ್ಲ. ಮಗಳು ಅಲ್ಲಿದ್ದಾಳಲ್ರೀ?"

"ಅದಕ್ಕ ಹೇಳಾಕತ್ತೀನ್ರಿ."

ಬರೆದೆ. ಎರಡರಿಂದ ನಾಲ್ಕೂವರೆ. ಕೆಳಗೆ ಸಹಿ ಹಾಕಿದೆ. ಇಷ್ಟು ವರ್ಷ ಕಾಲೇಜಿನಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ್ದೇನೆ, ಮಾರ್ಕ್ಸ್ ಕಾರ್ಡಿಗೆ ಹಾಕಿದ್ದೇನೆ, ನೆಂಟರ ಮಕ್ಕಳ ಕ್ಯಾರೆಕ್ಟರ್ ಸರ್ಟಿಫಿಕೇಟಿಗೆ ಕಣ್ಣು ಮುಚ್ಚಿ ಹಾಕಿದ್ದೇನೆ. ಕಣ್ಣು ಬಿಟ್ಟು ಹಾಕಿದ್ದು ಅದೊಂದೇ ಇರಬೇಕು.

ಸ್ಕೂಟರಿನಲ್ಲಿ ಅವರನ್ನು ಡ್ಯಾಮಿನ ಗೇಟಿನ ತನಕ ನಾನೇ ಬಿಟ್ಟೆ. ರಾಯರು ಚೀಟಿ ಓದಿದರು. ಬಯ್ಯಲಿಲ್ಲ. ಭುಜ ತಟ್ಟಲಿಲ್ಲ. "ಖಾಜಾಂದು ಇನ್ನ ಎರಡು ತಾಸು ಉಳಿದಾವ. ನೀವು ಸ್ಟೋರ್ ರೂಮಿನ್ಯಾಗ ಮಲಗ್ರಿ," ಎಂದಷ್ಟೇ ಹೇಳಿದರು. ಎಂಟಕ್ಕೆ ಬೇಕಾದವರನ್ನು ಆರಕ್ಕೇ ಕೇಳಿ, ಆ ಎರಡು ತಾಸನ್ನು ಅವರು ಬೆಳಿಗ್ಗೆಯೇ ಎತ್ತಿಟ್ಟುಕೊಂಡಿದ್ದರು ಎಂದು ನನಗೆ ಆಗ ಹೊಳೆಯಿತು. ಈ ಕರಿಬಸಪ್ಪನಿಗೆ ನಿದ್ದೆ ಬರಲಿಕ್ಕಿಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತು.

ಮಾರನೆಯ ದಿನ ಕರಿಬಸಪ್ಪ ನಮ್ಮ ಮನೆಗೆ ಬಂದರು, ರಾಯರ ಜೊತೆಗೆ. ರಾಯರು ನೆಟ್ಟಗೆ ನಿಲ್ಲಲಾರದಷ್ಟು ಸೋತಿದ್ದರು. ಶಾರದೆ ಚಹಾಕ್ಕೆ ಎದ್ದಳು, ನಾನು ತಡೆದೆ. (ಕಲಿತಿದ್ದೇವೆ.)

"ನಿನ್ನೆ ದೊಡ್ಡ ನೀರು ಬಂದಾಗ ಗೇಟ್ ಎತ್ತಿದ್ದು ಯಾರ್ರೀ?" ಎಂದೆ.

"ಖಾಜಾ ಎತ್ತಿದ. ನಾ ಆಗ ಗೊರಕಿ ಹೊಡ್ಯಾಕತ್ತಿದ್ನಿ. ಈ ಸಲ ತಲಿ ಇಟ್ಟ ಕೂಡಲೆ ನಿದ್ದಿ ಬಂತು ನೋಡ್ರಿ." ಸ್ವಲ್ಪ ಹೊಟ್ಟೆಕಿಚ್ಚಿನಲ್ಲೇ ಸೇರಿಸಿದರು. "ನನಗಿಂತ ನಿಧಾನ ಎತ್ತ್ಯಾನ."

ಮಗಳ ಓಣಿಗೆ ನೀರು ಬಂದಿತ್ತು. ಹೊಸ್ತಿಲು ದಾಟಿ ಮೊಳಕಾಲಿನ ತನಕ. ಆದರೆ ಅಷ್ಟರಲ್ಲಿ ಓಣಿಯ ಜನವೆಲ್ಲ ಮೇಲೆ ಸರಿದಿದ್ದರು. ಜೋಳ ಅಟ್ಟದ ಮೇಲಿತ್ತು. ರಾತ್ರಿ ಎಂಟರಿಂದ ಕರಿಬಸಪ್ಪನೇ ಗೇಟಿಗೆ ಕೂತರು, ಬೆಳಗಿನ ತನಕ. ಮಧ್ಯೆ ಏನಾಯಿತು ಎಂದು ಕೇಳಿದರೆ "ಏನೂ ಆಗ್ಲಿಲ್ರಿ" ಎಂದರು. ಮರುದಿನ ಪೇಪರಿನಲ್ಲೂ ಅವರ ಬಗ್ಗೆ ಏನೂ ಬರಲಿಲ್ಲ. ಏನೂ ಆಗದ್ದನ್ನು ಪೇಪರಿನವರು ಎಲ್ಲಿ ಬರೆಯುತ್ತಾರೆ? ಆದ್ದರಿಂದ ನಾನು ಬರೆಯುತ್ತಿದ್ದೇನೆ.

ಹೊರಡುವಾಗ ಕರಿಬಸಪ್ಪ ಜೇಬಿನಿಂದ ಇನ್ನೊಂದು ಚೀಟಿ ತೆಗೆದು ನನ್ನ ಕೈಗಿಟ್ಟರು. ಮೇಲೆ ಮಾಧವರಾಯರ ಹೆಸರು.

"ಇವತ್ತು ಇವ್ರದು ಪಾಳಿ. ಮಲಗಸ್ರಿ. ಸಂಜೀಕ ಚೀಟಿ ನಾ ನೋಡ್ತೀನಿ."

ಸಾಹೇಬರ ನಿದ್ದೆಯನ್ನು ಆಪರೇಟರ್ ಪರೀಕ್ಷಿಸುವ ಆಫೀಸು ಈ ರಾಜ್ಯದಲ್ಲಿ ಇನ್ನೊಂದಿದೆಯೇ? ನಾನಂತೂ ಕಂಡಿಲ್ಲ. ರಾಯರು ಸೀದಾ ಒಳಕೋಣೆಗೆ ಹೋದರು, ಮೊಬೈಲು ತಾವೇ ಶಾರದೆಯ ಕೈಗೆ ಕೊಟ್ಟರು.

ಈಗಿನ ನಮ್ಮ ಊರಿನಲ್ಲಿ ನಿದ್ದೆಗೆಡುವುದು ದೊಡ್ಡಸ್ತಿಕೆ. ಬೈಪಾಸಿನ ಚಹಾದಂಗಡಿಯಲ್ಲಿ ನಿಂತು ನೋಡಿ. "ಮೂರು ದಿನ ಆತ್ರಿ, ಕಣ್ಣು ಮುಚ್ಚಿಲ್ಲ, ಆರು ಟ್ರಿಪ್ ಹೊಡದೀನಿ" ಎಂದು ಲಾರಿ ಚಾಲಕ ಹೇಳಿದರೆ ಸುತ್ತಲಿದ್ದವರು ಭಲೇ ಎನ್ನುತ್ತಾರೆ, ಒಬ್ಬರು ಅವನ ಚಹಾದ ದುಡ್ಡೂ ಕೊಡುತ್ತಾರೆ. ನಾನೂ ಭಲೇ ಎಂದವನೇ. ರಾತ್ರಿಯೆಲ್ಲ ಕೂತು ಅಂಕಣ ಬರೆದೆ ಎಂದು ನಿಮ್ಮ ಮುಂದೆ ಎಷ್ಟು ಸಲ ಜಂಭ ಕೊಚ್ಚಿಕೊಂಡಿಲ್ಲ? ಈ ಅಂಕಣವನ್ನು ಮಾತ್ರ ಚೆನ್ನಾಗಿ ನಿದ್ದೆ ಮಾಡಿ ಎದ್ದು ಬರೆದಿದ್ದೇನೆ. ಶಾರದೆ ಸಾಕ್ಷಿ.

ಒಂದು ಮಾತು ಮಾತ್ರ ತಲೆಯಿಂದ ಹೋಗುತ್ತಿಲ್ಲ. ನಾಲ್ಕೂವರೆಗೆ ನಮ್ಮ ಮನೆ ಮುಂದೆ ಹಾರ್ನ್ ಒತ್ತಿ ಕರಿಬಸಪ್ಪನನ್ನು ಎಬ್ಬಿಸಿದನಲ್ಲ, ಆ ಲಾರಿಯವನು ಮಲಗಿ ಎಷ್ಟು ದಿನವಾಗಿತ್ತು, ಅವನ ಚೀಟಿ ಯಾರ ಜೇಬಿನಲ್ಲಿತ್ತು?