ಕಾವಲುಮನೆಯ ಮೇಲಿನ ಗಡಿಯಾರ

ಮೊನ್ನೆ ಮಸಾಲೆ ಡಬ್ಬಿಗಳನ್ನು ತೊಳೆಯಲು ತೆಗೆದಾಗ ಒಂದರ ತಳದಲ್ಲಿ ಲವಂಗ, ದಾಲ್ಚಿನ್ನಿ, ಒಣಶುಂಠಿ ಕೂಡಿಸಿ ಕುಟ್ಟಿದ ಪುಡಿ ಅಂಟಿಕೊಂಡಿತ್ತು. ನಮ್ಮ ಅಡುಗೆಯದಲ್ಲ ಅದು. ಮೂಗಿನ ಹತ್ತಿರ ಹಿಡಿದೆ, ಅಷ್ಟೇ... ಮಾಲ್ಟನ್‌ನ ಆ ಬೀದಿ, ಪಕ್ಕದ ಮನೆಯ ಅಜ್ಜಿ, ಹಿಟ್ಟು ಮೆತ್ತಿದ ಅವಳ ಮೊಣಕೈ, ಎಲ್ಲ ಬಂದು ಎದುರಿಗೆ ನಿಂತವು.

ಬೆಳಗಾವಿಯಿಂದ ಈ ಪರದೇಶಕ್ಕೆ ಬಂದ ಹೊಸದರಲ್ಲಿ, 2015ರಲ್ಲಿ, ನಾವು ಅಲ್ಲೊಂದು ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು. ಬೀದಿಯೆಲ್ಲ ಪಂಜಾಬಿಗಳ ಮನೆ. ನಡುವೆ ಒಂದರಲ್ಲಿ ಮಾತ್ರ ಈ ಜರ್ಮನ್ ಅಜ್ಜಿ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹೋಗಿಬರುವವರಿಗೆಲ್ಲ ‘ಸತ್ ಶ್ರೀ ಅಕಾಲ್’ ಅನ್ನುತ್ತಿದ್ದಳು. ನನಗೂ ಅದನ್ನೇ ಅಂದಳು. ನಾನು ನಮಸ್ಕಾರ ಅಂದೆ. ಆಮೇಲೆ ನನಗೊಬ್ಬಳಿಗೆ ಬೇರೆಯಾಗಿ ‘ನಮಸ್ಕಾರಾ’ ಎಂದು ಎಳೆದು ಹೇಳತೊಡಗಿದಳು.

ದೀಪಾವಳಿಗೆ ಮಗಳ ಕೈಗೆ ನಾನು ಹಾಕಿದ್ದ ಮೆಹೆಂದಿ ನೋಡಿದ್ದವಳು ಡಿಸೆಂಬರಿನಲ್ಲಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಅವಳಿಗೆ ಕೋನು ಹಿಡಿದು ನಡುಗದೆ ಗೆರೆ ಎಳೆಯುವ ಕೈ ಬೇಕಾಗಿತ್ತು. ಮೇಜಿನ ಮೇಲೆ ಶುಂಠಿ ಬಿಸ್ಕತ್ತಿನ ಗೋಡೆಗಳು ಆರುತ್ತಿದ್ದವು. ಕ್ರಿಸ್‌ಮಸ್ಸಿಗೆ ಎಲ್ಲರೂ ಅದರಿಂದ ಗುಡಿಸಲು ಕಟ್ಟುತ್ತಾರಂತೆ. ಈ ಅಜ್ಜಿ ಕಟ್ಟುತ್ತಿದ್ದದ್ದು ಅವಳ ಊರಿನ ಚೌಕದಲ್ಲಿ ಒಂದು ಕಾಲಕ್ಕೆ ಇದ್ದ ಕಾವಲುಮನೆಯನ್ನು.

ಅದು ಬರೋಕ್ ಶೈಲಿಯ ಕಟ್ಟಡವಂತೆ. ಬರೋಕ್ ಎಂದರೇನು ಅಂದೆ. ಒಂದು ಗೆರೆಯೂ ಸುಮ್ಮನೆ ನೇರ ಹೋಗಬಾರದು, ಬಳುಕಬೇಕು, ಸುರುಳಿಯಾಗಬೇಕು ಅಂದಳು. ಇದೇನು, ಜಿಲೇಬಿ ಸುತ್ತುವುದಷ್ಟೇ ಅಂದುಕೊಂಡು ನಾನು ಸಕ್ಕರೆಯ ಕೋನು ಹಿಡಿದೆ. ಬೆಳಗಾವಿಯಲ್ಲಿ ಹುಟ್ಟಿದವಳಿಗೆ ಇದು ಹೊಸತೂ ಅಲ್ಲ. ದೀಪಾವಳಿಗೆ ನಮ್ಮ ಓಣಿಯ ಮಕ್ಕಳೆಲ್ಲ ಮನೆಮುಂದೆ ಮಣ್ಣಿನ ಕಿಲ್ಲಾ ಕಟ್ಟುತ್ತಿದ್ದೆವು, ಕಣ್ಣಿಂದ ಒಮ್ಮೆಯೂ ನೋಡಿರದ ಕೋಟೆಗಳನ್ನು!

ನನ್ನ ಗಂಡನಿಗೆ ಮಾತ್ರ ನಗು. “ಬಿಸ್ಕೀಟಿನ ಚೌಕಿಗೆ ಇಷ್ಟ್ಯಾಕ ಒದ್ದಾಡ್ತೀರಿ? ಕಡೀಕ ತಿಂದು ಹಾಕೂದs ಅಲ್ಲೇನು?” ಅನ್ನುತ್ತಿದ್ದರು. ತಿನ್ನುವಾಗ ಮುಂದೆ ಇರುತ್ತಿದ್ದವರೂ ಅವರೇ.

ಕೆಲಸ ಮಾಡುತ್ತ ಅಜ್ಜಿ ಆ ಕಟ್ಟಡದ ಕಥೆ ಹೇಳುತ್ತಿದ್ದಳು. ಯಾವನೋ ದೊರೆ ತನ್ನ ಸಿಪಾಯಿಗಳಿಗಾಗಿ ಅದನ್ನು ಕಟ್ಟಿಸಿದನಂತೆ. ದೊರೆಗಳ ಕಾಲ ಮುಗಿದ ಮೇಲೆ ಅದರ ಕಮಾನುಗಳ ಕೆಳಗೆ ಹೂ ಮಾರುವವರು ಕೂತರು. ಯುದ್ಧದಲ್ಲಿ ಬೆಂಕಿ ಬಿತ್ತು. ಗೋಡೆಗಳು ನಿಂತೇ ಇದ್ದವು, ಆದರೆ ಯುದ್ಧ ಮುಗಿದ ಮೇಲೆ ಟ್ರಾಮಿನ ದಾರಿ ಅಗಲ ಮಾಡಲು ಊರಿನವರೇ ಅವನ್ನು ಕೆಡವಿದರು. ಈಗ ಅಲ್ಲಿ ಟ್ರಾಮು ನಿಲ್ಲುತ್ತದೆ. ಬೆಂಕಿಗಿಂತ ಆ ಟ್ರಾಮಿನ ಮೇಲೆಯೇ ಅವಳಿಗೆ ಹೆಚ್ಚು ಸಿಟ್ಟು.

ಎಲ್ಲ ಜೋಡಿಸಿಯಾದ ಮೇಲೆ ಒಂದು ದುಂಡು ಬಿಸ್ಕತ್ತಿಗೆ ಮುಳ್ಳು ಬರೆದು ಚಾವಣಿಯ ನಡುವೆ ನಿಲ್ಲಿಸುತ್ತಿದ್ದಳು. ಅದು ಗಡಿಯಾರ. ಅದನ್ನು ನನ್ನ ಕೈಗೂ ಕೊಡುತ್ತಿರಲಿಲ್ಲ.

ಯಾಕೆಂದು ಎರಡನೆಯ ವರ್ಷ ಹೇಳಿದಳು. ಅವಳ ಅಪ್ಪ ಯುದ್ಧಕ್ಕೆ ಹೊರಟ ದಿನ ಇವಳ ಕೈಹಿಡಿದುಕೊಂಡು ಚೌಕದಲ್ಲಿ ನಿಂತಿದ್ದನಂತೆ. ಕಾವಲುಮನೆಯ ಮೇಲಿನ ಗಡಿಯಾರ ತೋರಿಸಿ, ದೊಡ್ಡ ಮುಳ್ಳು ಕೆಳಗಿಳಿಯಲಿ, ಆಮೇಲೆ ಹೋಗುತ್ತೇನೆ ಅಂದಿದ್ದನಂತೆ. ಅವನು ತಿರುಗಿ ಬರಲಿಲ್ಲ. ಅಪ್ಪನ ಮುಖ ಅವಳಿಗೆ ನೆನಪಿಲ್ಲ. ಇದ್ದದ್ದು ಆ ಗಡಿಯಾರವೊಂದೇ. ಆದರೆ ಊರಲ್ಲೇ ಉಳಿದ ಅಕ್ಕ ಪ್ರತಿ ಕ್ರಿಸ್‌ಮಸ್ಸಿಗೆ ಫೋನಿನಲ್ಲಿ ಒಂದೇ ಮಾತು: ಕಾವಲುಮನೆಗೆ ಯಾವತ್ತೂ ಗಡಿಯಾರ ಇರಲಿಲ್ಲ, ನೀನು ಎಳೆಗೂಸು, ಅವತ್ತು ಅಲ್ಲಿಗೆ ಹೋಗಿಯೇ ಇಲ್ಲ, ಯಾರದೋ ಮಾತು ಕೇಳಿ ನಿನ್ನದು ಮಾಡಿಕೊಂಡಿದ್ದೀ...

ಆಗಲೇ ಅವಳ ನೋಟದ ನಡುವೆ ಮಬ್ಬು ಕವಿಯುತ್ತಿತ್ತು. “ನಿಮ್ಮ ಫೋನಿನಲ್ಲಿ ಎಲ್ಲ ಸಿಗುತ್ತದಲ್ಲ, ಹುಡುಕು. ಗಡಿಯಾರ ಇದೆಯೋ ಇಲ್ಲವೋ ನೋಡಿ ಹೇಳು” ಅಂದಳು.

ಮಗಳು ಹುಡುಕಿದಳು. ಸಿಕ್ಕೇಬಿಟ್ಟಿತು, ಎದುರಿನಿಂದ ತೆಗೆದ ಹಳೆಯ ಚಿತ್ರ. ಕಮಾನು, ಸುರುಳಿ ಅಂಚು, ಎಲ್ಲ ಅಜ್ಜಿ ಕಟ್ಟಿದಂತೆಯೇ. ಚಾವಣಿ ಮಾತ್ರ ಬೋಳು. ಮಗಳು ನನ್ನ ಮುಖ ನೋಡಿದಳು. “ಅಮ್ಮಾ, ದೇರ್ ಈಸ್ ನೋ ಕ್ಲಾಕ್” ಎಂದು ಪಿಸುಗುಟ್ಟಿದಳು. ಅಜ್ಜಿಯ ಕಿವಿ ಚುರುಕು, ಕೇಳಿಸಿಕೊಂಡಳು.

“ಹಾಗಾದರೆ ಅಕ್ಕ ಹೇಳಿದ್ದೇ ನಿಜ” ಎಂದವಳು ಕೈ ತೊಳೆದುಕೊಂಡಳು. ದುಂಡು ಬಿಸ್ಕತ್ತು ತಟ್ಟೆಯಲ್ಲೇ ಉಳಿಯಿತು. ಅಪ್ಪನನ್ನು ಅವಳು ಎರಡನೆಯ ಸಲ ಕಳೆದುಕೊಂಡಿದ್ದಳು, ಅದೂ ನಮ್ಮ ಕಣ್ಣೆದುರಿಗೆ.

ಮುಂದಿನ ವಸಂತದಲ್ಲಿ ಒಂದು ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ನಿಂತಿದ್ದೆ. ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇರುವ ಮಾಲ್ಟನ್‌ನಲ್ಲಿ ವಿಮಾನದ ಕಡೆ ಯಾರೂ ಕತ್ತೆತ್ತಿ ನೋಡುವುದಿಲ್ಲ. ಅವತ್ತು ಬಸ್ಸು ತಡವಾಗಿತ್ತು, ನೋಡಿದೆ. ಎದುರಿನ ಮಿಠಾಯಿ ಅಂಗಡಿಯ ಚಾವಣಿಯ ಮೇಲೆ ವಿಮಾನದ ಬಾಲವೊಂದು ನೆಟ್ಟಗೆ ನಿಂತಿತ್ತು! ನಿಜಕ್ಕೂ ವಿಮಾನ ಇದ್ದದ್ದು ದೂರ ಹಿಂದೆ, ಬೇಲಿಯಾಚೆ. ನಾನು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದೆ. ಬಾಲ ಅಂಗಡಿಯಿಂದ ಇಳಿದುಹೋಯಿತು. ತಿರುಗಿ ಬಂದು ನಿಂತೆ. ಮತ್ತೆ ಚಾವಣಿ ಏರಿತು. ಬಸ್ಸು ಬಂತು, ನಾನು ಹತ್ತಲಿಲ್ಲ.

ಮನೆಗೆ ಓಡಿಬಂದು ಮಗಳನ್ನು ಕೂರಿಸಿದೆ. “ಕಾವಲುಮನಿ ಬಿಡು, ಇಡೀ ಚೌಕದ ಫೋಟೋ ಹುಡುಕು. ಎಲ್ಲಾ ಮೂಲಿಯಿಂದ ತೆಗದದ್ದು ಬೇಕು.” ಸಿಕ್ಕಿತು. ಕಾವಲುಮನೆಯ ಹಿಂದೆ, ಚೌಕದ ಆಚೆ ಬದಿಗೆ, ನಗರಸಭೆಯ ಎತ್ತರದ ಗೋಪುರ. ಅದರಲ್ಲಿ ಗಡಿಯಾರ. ಒಂದು ಮೂಲೆಯಿಂದ ತೆಗೆದ ಚಿತ್ರದಲ್ಲಿ ಮಾತ್ರ ಅದು ಕಾವಲುಮನೆಯ ಚಾವಣಿಯ ನಡುವೆಯೇ ಕೂತಿತ್ತು, ಅಜ್ಜಿ ಬಿಸ್ಕತ್ತು ನಿಲ್ಲಿಸುತ್ತಿದ್ದ ಜಾಗದಲ್ಲೇ.

ಅಜ್ಜಿಯ ಟಿವಿಯಲ್ಲಿ ದೊಡ್ಡದು ಮಾಡಿ ತೋರಿಸಿದೆವು. ನಡುವಿನ ಮಬ್ಬು ತಪ್ಪಿಸಲು ಅವಳು ಕೋಳಿಯ ಹಾಗೆ ಕತ್ತು ಓರೆ ಮಾಡಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಇದು ಸ್ಟೇಷನ್ನಿಗೆ ಹೋಗುವ ರಸ್ತೆಯ ಮೂಲೆ. ಅಪ್ಪ ಈ ರಸ್ತೆ ಹಿಡಿದೇ ಹೋದದ್ದು. ನಾನು ಇಲ್ಲಿ ನಿಂತಿದ್ದೆ” ಅಂದಳು.

ಅಲ್ಲಿ ನಿಂತವರಿಗಲ್ಲದೆ ಬೇರೆ ಯಾರಿಗೂ ಆ ಗಡಿಯಾರ ಹಾಗೆ ಕಾಣುವಂತಿರಲಿಲ್ಲ. ಆಗಲೇ ಅಕ್ಕನಿಗೆ ಫೋನು ಮಾಡಿದಳು. ಅವರ ಮಾತು ನಮಗೆ ತಿಳಿಯಲಿಲ್ಲ. ಅಜ್ಜಿ ಜೋರಾಗಿ, ಗೆದ್ದವಳ ಹಾಗೆ ಶುರುಮಾಡಿದಳು. ಆ ಕಡೆಯಿಂದ ಬಂದದ್ದು ಒಂದೇ ಸಣ್ಣ ಮಾತು. ಅಜ್ಜಿಯ ದನಿ ತಟ್ಟನೆ ಇಳಿಯಿತು. ಫೋನಿಟ್ಟ ಮೇಲೆ ನಮಗೆ ಹೇಳಿದಳು. ಅಂದು ಜ್ವರ ಬಂದು ಮನೆಯಲ್ಲಿ ಮಲಗಿದ್ದವಳು ಅಕ್ಕನಂತೆ. ಈಗ ಕೇಳಿದಳಂತೆ: “ಅಪ್ಪ ಯಾವ ಕೋಟು ಹಾಕಿಕೊಂಡಿದ್ದ?”

“ನೀವೇನು ಹೇಳಿದ್ರಿ?” ಎಂದೆ.

“ಬಣ್ಣ ಗೊತ್ತಿಲ್ಲ, ಕೆನ್ನೆಗೆ ಚುಚ್ಚುತ್ತಿತ್ತು ಅಂದೆ.”

ಆ ಡಿಸೆಂಬರಿನಲ್ಲಿ ಅಜ್ಜಿ ಗಡಿಯಾರವನ್ನು ಚಾವಣಿಯ ಮೇಲೆ ಇಡಲಿಲ್ಲ. ಹಿಂದೆ ಬೇರೆಯದೇ ಗೋಪುರ ನಿಲ್ಲಿಸಿ ಅದಕ್ಕೆ ಅಂಟಿಸಿದಳು. ಬಂದವರನ್ನೆಲ್ಲ ಮೇಜಿನ ಒಂದು ಮೂಲೆಗೆ ಕರೆದು, ಮೊಣಕಾಲೂರಿಸಿ ನೋಡಿಸಿದಳು. ನನ್ನ ಗಂಡನೂ ಊರಿದರು, ನಗಲಿಲ್ಲ. ಅದೇ ಕೊನೆಯದು. ಮರುವರ್ಷ, ಚಳಿ ಮುಗಿಯುವ ಮುಂಚೆ ಅಜ್ಜಿ ಹೋದಳು. ಆ ಮನೆಯನ್ನು ಯಾರೋ ಕೊಂಡು, ಕೆಡವಿ, ದೊಡ್ಡದು ಕಟ್ಟಿದ್ದಾರೆ.

ಈಗ ನಾವು ಮೆಡೋವೇಲ್ ಬಡಾವಣೆಯಲ್ಲಿದ್ದೇವೆ. ಡಬ್ಬಿಯ ತಳದ ಪುಡಿ ಸಾಲಲಿಲ್ಲ, ಹೊಸದಾಗಿ ಕುಟ್ಟಿದೆ. ನಾನು ಮತ್ತು ಮಗಳು ಸೇರಿ ಕಾವಲುಮನೆ ಕಟ್ಟಿ ಹಿಂದೆ ಗಡಿಯಾರದ ಗೋಪುರ ನಿಲ್ಲಿಸಿದೆವು, ಎಲ್ಲ ಸ್ವಲ್ಪ ಓರೆಯಾಗಿಯೇ ನಿಂತಿತು. ಮಗಳು ಮೇಜಿನ ಸುತ್ತ ಕೂತು ಎದ್ದು ಮಾಡಿ, “ಅಮ್ಮಾ, ಫ್ರಮ್ ಹಿಯರ್!” ಎಂದು ಕೂಗಿದಳು. ನಾನೂ ಹೋಗಿ ಅವಳ ಪಕ್ಕ ಮೊಣಕಾಲೂರಿದೆ. ಗಡಿಯಾರ ಚಾವಣಿಯ ನಡುವೆ ಬಂದು ಕೂತಿತು. ಅಜ್ಜಿಯನ್ನು ಕರಿ ಎನ್ನಲು ಬಾಯಿ ತೆರೆದಿದ್ದೆ...