ಅವ್ವನ ಜೋಗುಳ ಮತ್ತು ಫೈರ್‌ವೈರ್ ಕೇಬಲ್

ಸೋಮವಾರದ ಪೂಜೆಗೆಂದು ದೇವರ ಹಿತ್ತಾಳೆ ಸಾಮಾನಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಚಿಕ್ಕೇರೂರಿನಿಂದ ಅಕ್ಕನ ಫೋನು ಬಂತು. ಕೈತುಂಬ ಹುಳಿ, ಹಾಗಾಗಿ ನಮ್ಮ ಮನೆಯವರೇ ಅದನ್ನು ನನ್ನ ಕಿವಿಗೆ ಹಿಡಿದು ನಿಂತರು.

"ಸೊಸಿ ಹಡದ್ಲು ನೋಡವಾ. ಹೆಣ್ಣು ಕೂಸು. ಇಬ್ಬರೂ ಆರಾಮ ಅದಾರ."

"ಶಿವನೇ, ದೊಡ್ಡಾಂವಪ್ಪಾ ನೀನು," ಎಂದು ಹುಳಿಗೈಯಲ್ಲೇ ಮುಗಿದೆ.

"ಹದಿಮೂರನೇ ದಿನಕ್ಕ ತೊಟ್ಟಿಲಕ್ಕ ಹಾಕ್ತೇವಿ. ಅಜ್ಜಿ ಅಂದಮ್ಯಾಲ ನಾನ ಹಾಡಬೇಕು. ಅವ್ವನ ಜೋಗುಳ ನನಗ ಒಂದ ನುಡಿ ಬರತೈತಿ. ನಿನಗ?"

"ನನಗೂ ಅಷ್ಟ, ಅಕ್ಕಾ."

ಆ ಜೋಗುಳ ಅವ್ವ ತಾನೇ ಕಟ್ಟಿದ್ದು. ನಮ್ಮ ಬಳಗದಲ್ಲಿ ಯಾವ ಕೂಸಿನ ತೊಟ್ಟಿಲಿದ್ದರೂ ಅವ್ವ ಬಂದು ಹಾಡುತ್ತಿದ್ದಳು. ಅವಳಿಗೆ ಬರೆಯಲು ಬರುತ್ತಿರಲಿಲ್ಲ, ಬರೆಯಲು ಬರುವ ನಾವು ಬರೆದಿಟ್ಟುಕೊಳ್ಳಲಿಲ್ಲ. ಅವಳು ಹೋದಮೇಲೆ ನಮ್ಮ ಮನೆತನದಲ್ಲಿ ಇದೇ ಮೊದಲ ತೊಟ್ಟಿಲು.

ಆಗ ಮನೆಯವರು, "ನಮ್ಮ ಮಗಳ ತೊಟ್ಟಿಲದಾಗ ನಾ ಶೂಟಿಂಗ್ ಮಾಡಿದ್ನಲ್ಲಾ?" ಎಂದರು.

ಅವರು ಒಂದು ಕಾಲಕ್ಕೆ ಹಾನಗಲ್ ಸುತ್ತಮುತ್ತ ಮದುವೆಗಳ ವಿಡಿಯೋ ತೆಗೆಯುತ್ತಿದ್ದರು. ಎಲ್ಲರ ಕೈಗೂ ಮೊಬೈಲು ಬಂದಮೇಲೆ ಬಿಟ್ಟರು. ಟ್ರಂಕು ತೆಗೆದರೆ ಕ್ಯಾಮೆರಾ ಇತ್ತು, ಕಡ್ಡಿಪೆಟ್ಟಿಗೆಗಿಂತ ತುಸು ದೊಡ್ಡದಾದ ಆ ಕ್ಯಾಸೆಟ್ಟೂ ಇತ್ತು. ಕ್ಯಾಮೆರಾದ ಪುಟ್ಟ ಪರದೆ ಮಾತ್ರ ಸತ್ತಿತ್ತು. ಒಳಗೆ ಕ್ಯಾಸೆಟ್ ತಿರುಗುತ್ತದೆ, ಹೊರಗೆ ಏನೂ ಕಾಣದು, ಕೇಳದು.

"ಊರ ಮಂದಿ ಮದುವಿ ಎಲ್ಲಾ ಸಿ.ಡಿ. ಆದ್ವು. ಸ್ವಂತ ಮಗಳ ತೊಟ್ಟಿಲ ಮಾತ್ರ ಟ್ರಂಕಿನ್ಯಾಗ," ಎಂದೆ.

"ಮನೀದ ಎಲ್ಲಿ ಓಡಿ ಹೋಗ್ತೈತಿ ಅಂತ ಬಿಟ್ಟಿದ್ದೆ," ಎಂದು ತಲೆ ಕೆರೆದುಕೊಂಡರು.

ಹಾನಗಲ್ಲಿನ ಕಂಪ್ಯೂಟರ್ ಅಂಗಡಿಯವರು ಕ್ಯಾಮೆರಾ ನೋಡಿ, "ಇದಕ್ಕ ಫೈರ್‌ವೈರ್ ಕೇಬಲ್ ಬೇಕ್ರಿ. ಈಗಿನ ಲ್ಯಾಪ್‌ಟಾಪಿಗೆ ಅದನ್ನ ಹಾಕೋ ಕಿಂಡೀನ ಇರೂದಿಲ್ಲ," ಎಂದರು. ಕೇಬಲ್ಲನ್ನೂ, ಅದರ ತುದಿಯನ್ನು ಯು.ಎಸ್.ಬಿ.ಗೆ ಕೂಡಿಸುವ ಅಡಾಪ್ಟರನ್ನೂ ತರಿಸಿಕೊಂಡೆವು. ಬರಲು ಐದು ದಿನ. ಅಡಾಪ್ಟರ್ ಚೆನ್ನಾಗಿಯೇ ಕೂತಿತು, ಅಂಗಡಿಯ ಲ್ಯಾಪ್‌ಟಾಪು ಮಾತ್ರ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ನೋಡನೋಡುತ್ತ ಕೂಸು ಹುಟ್ಟಿ ಒಂಬತ್ತನೆಯ ದಿನ ಬಂತು. ಅಕ್ಕ ಎರಡು ಹೊತ್ತೂ ಫೋನು ಮಾಡಿ, "ಸಿಕ್ತೇನವಾ?" ಎನ್ನುತ್ತಿದ್ದಳು.

ಕೊನೆಗೆ ನಮ್ಮ ಮನೆಯವರಿಗೆ ಸವಣೂರಿನ ಹಳೆಯ ಗೆಳೆಯರು ನೆನಪಾದರು. ಹಿಂದೆ ಇವರು ತೆಗೆದ ಮದುವೆ ಕ್ಯಾಸೆಟ್ಟುಗಳನ್ನೆಲ್ಲ ಕೂಡಿಸಿ, ಹಾಡು ಹಾಕಿ, ಸಿ.ಡಿ. ಮಾಡಿಕೊಡುತ್ತಿದ್ದವರು. ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ ಹೋದೆವು. ಎರಡೂ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಅಂಥದ್ದನ್ನೂ ನಾನು ಲೆಕ್ಕ ಹಿಡಿಯುತ್ತೇನೆ, ಕೊಡುವವನು ಒಬ್ಬನೇ ತಾನೆ.

"ಬರ್ರಿ ಭಾಬಿ, ಕುಂತ್ಕೋರಿ. ಮದ್ಲ ಚಾ ಕುಡೀರಿ," ಎಂದ ಗೆಳೆಯರು ಅಡಾಪ್ಟರ್ ನೋಡಿ ನಕ್ಕುಬಿಟ್ಟರು. "ಇದು ಬರೇ ಮೂತಿ ಬದಲ ಮಾಡೈತಿ. ಒಳಗ ಏನೂ ಇಲ್ಲ."

ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಧೂಳು ಒರೆಸಿದರು. ಅದಕ್ಕೆ ಫೈರ್‌ವೈರ್ ಕಿಂಡಿ ಇತ್ತು. ಆದರೆ ಹಳೆಯ ಡ್ರೈವರನ್ನು ಮತ್ತೆ ಹಾಕಬೇಕಂತೆ. ಡ್ರೈವರ್ ಎಂದರೇನು ಎಂದು ಕೇಳಿದೆ.

"ಬೀಗರ ನಡುವ ಮಾತಾಡ್ಸೋ ಹಿರಿಯಾರು ಇರ್ತಾರಲ್ಲ, ಹಂಗ. ಅವರಿಲ್ಲಂದ್ರ ಕ್ಯಾಮೆರಾ ಒಂದು ಹೇಳ್ತೈತಿ, ಕಂಪ್ಯೂಟರಿಗೆ ತಿಳಿಯೂದಿಲ್ಲ."

ಡ್ರೈವರ್ ಹಾಕಿ ಅವರು ಮಧ್ಯಾಹ್ನದ ನಮಾಜಿಗೆ ಹೋದರು. ನಾನು ಅಲ್ಲೇ ಕಣ್ಣು ಮುಚ್ಚಿ ಶಿವನಾಮ ಹೇಳಿಕೊಂಡೆ. ಮರಳಿ ಬಂದು ಕೇಬಲ್ ಚುಚ್ಚಿದರೆ ಏನೂ ಇಲ್ಲ. ಬೇರೆ ಡ್ರೈವರ್ ಹಾಕಿದರು. ಬೇರೆ ಕೇಬಲ್ ತಂದರು. ಆಗಲೂ ಇಲ್ಲ. ಕೊನೆಗೆ ಕ್ಯಾಮೆರಾ ಬಂದ್ ಮಾಡಿ, ಕೇಬಲ್ ಕೂಡುವ ಕಿಂಡಿಗೆ ಟಾರ್ಚು ಹಿಡಿದರು. ಚಿಮಟಿಗೆಯಿಂದ ಎಳೆದರೆ ಒಣಗಿದ ಕಡ್ಡಿಯ ಚೂರೊಂದು ಬಂತು, ಹಿಂದೆಯೇ ಬಿಳಿ ಪುಡಿ.

"ಇದೇನಿದು? ಇಲಿ ಏನರ ತಂದು ತುರುಕೈತೇನು?"

ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಇಲಿಯ ಮೇಲೆ ಹಾಕಬಹುದಿತ್ತು, ಆದರೆ ಈಗಷ್ಟೇ ದೇವರ ಹೆಸರು ಹೇಳಿದ ಬಾಯಿ. "ಇಲಿ ಅಲ್ರಿ, ನಾನ," ಎಂದೆ.

ಪ್ರತಿವರ್ಷ ಮಹಾನವಮಿಯ ಖಂಡೆ ಪೂಜೆಯ ದಿನ ಕೊಡಲಿ, ಕುಡಗೋಲು, ಕತ್ತರಿಯ ಸಾಲಿನಲ್ಲಿ ಕ್ಯಾಮೆರಾವನ್ನೂ ಇಟ್ಟು ವಿಭೂತಿ ಹಚ್ಚುತ್ತಿದ್ದೆ. ಮೇಲಿಟ್ಟ ಹೂವು ಜಾರಿ ಬೀಳುತ್ತಿತ್ತು. ಒಂದು ವರ್ಷ ಕಿಂಡಿಯ ರಬ್ಬರ್ ಮುಚ್ಚಳ ಹರಿದದ್ದು ಕಂಡಿತು. ಸೇವಂತಿಗೆಯ ತೊಟ್ಟು ಸಿಕ್ಕಿಸಲು ಅಳತೆ ಮಾಡಿದಂತಿದ್ದ ತೂತು! ಅಂದಿನಿಂದ ಹೂವು ಅಲ್ಲೇ.

ಇವರು ನಕ್ಕು ನಕ್ಕು ಕುರ್ಚಿಯ ಕೈ ಹಿಡಿದುಕೊಂಡರು. "ಮೂರು ದಿನದಿಂದ ನಾನು ಅಂಗಡಿಯವರನ್ನ ಬೈಯಾಕತ್ತೇನಿ!"

"ನಗಬ್ಯಾಡೋ ಮಾರಾಯಾ," ಎಂದರು ಗೆಳೆಯರು. "ಭಾಬಿ ಪೂಜಿ ಮಾಡಿದ್ದಕ್ಕ ಇದು ಇನ್ನೂ ಮನ್ಯಾಗ ಐತಿ. ನನ್ನ ಕ್ಯಾಮೆರಾ ಗುಜರಿಗೆ ಹೋಗಿ ಎಷ್ಟ ವರ್ಷ ಆತು."

ಮೆತ್ತನೆಯ ಬ್ರಷ್ಷಿನಿಂದ ಕಿಂಡಿಯನ್ನು ತಾಳ್ಮೆಯಿಂದ ಒರೆಸಿ ಮತ್ತೆ ಕೇಬಲ್ ಕೂಡಿಸಿದರು. ಕಂಪ್ಯೂಟರಿನಲ್ಲಿ ಕ್ಯಾಮೆರಾದ ಹೆಸರು ಮೂಡಿತು. ಕರೆಂಟು ಹೋಗಲಿಲ್ಲ, ಟೇಪು ಸಿಕ್ಕಿಕೊಳ್ಳಲಿಲ್ಲ. ಮೊದಲು ಗೆರೆಗೆರೆ, ಆಮೇಲೆ ತೊಟ್ಟಿಲ ಹಗ್ಗ ಹಿಡಿದ ಅವ್ವ.

ಐದು ನುಡಿ ಇದ್ದವು. ನಾಲ್ಕನೆಯದರ ನಡುವೆ ಅವ್ವ ಹಾಡು ನಿಲ್ಲಿಸಿ ನೇರ ನಮ್ಮ ಕಡೆ ನೋಡಿದಳು. "ಅಳಿಯಂದ್ರ, ಆ ಡಬ್ಬಿ ಅತ್ಲಾಗ ಇಟ್ಟು ಉಪ್ಪಿಟ್ಟು ತಿನ್ರಿ, ಆರೈತಿ!"

ಅಷ್ಟು ಹೊತ್ತು ನಗುತ್ತಿದ್ದ ಇವರು ಕನ್ನಡಕ ತೆಗೆದು ಒರೆಸಿಕೊಂಡರು.

ಗೆಳೆಯರು ಹಾಡನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟರು. ಅಲ್ಲಿಂದಲೇ ಅಕ್ಕನಿಗೆ ಕಳಿಸಿದೆ. ಹಾನಗಲ್ ಮುಟ್ಟಿ ಬಾಗಿಲ ಕೀಲಿ ತೆಗೆಯುವಾಗ ಅವಳ ಫೋನು.

"ಮೂರು ನುಡಿ ಬಾಯಿಗೆ ಬಂದಾವು. ನಾಕನೇದು ಹಾಡಾಕ ಆಗವಲ್ದು. ಅವ್ವ ಉಪ್ಪಿಟ್ಟು ಅಂದಕೂಡ್ಲೇ ನಗು ಬರತೈತಿ, ಅದರ ಬೆನ್ನ ಹಿಂದ ಅಳು."

"ಇನ್ನೂ ನಾಕು ದಿನ ಐತಿ ತಗೋ. ನೀ ಅಲ್ಲಿ ನಿಂತ್ರ ಮುಂದಿಂದು ನಾ ಎತ್ಗೋತೇನಿ."

"ಹಂಗಾರ ಈಗ ಒಮ್ಮಿ ಹಾಡು ನೋಡೂಣು."

ಫೋನನ್ನು ಅಡುಗೆಕಟ್ಟೆಯ ಮೇಲೆ ಆನಿಸಿಟ್ಟು, ಒಲೆಯ ಮೇಲೆ ನೀರಿಟ್ಟೆ. ಅದು ಕುದಿಯುವಷ್ಟರಲ್ಲಿ ನಾಲ್ಕನೆಯ ನುಡಿ ಇಬ್ಬರೂ ಕೂಡಿಯೇ ದಾಟಿದೆವು. ಪರಾತಕ್ಕೆ ಜೋಳದ ಹಿಟ್ಟು ಸುರಿದು, ನಡುವೆ ಕುಳಿ ಮಾಡಿ ಬಿಸಿನೀರು ಹಾಕಿ, ರೊಟ್ಟಿಗೆ ಹಿಟ್ಟು ನಾದತೊಡಗಿದೆ.