ವಿಭೂತಿ ಹಚ್ಚಿದ ರಾಕರ್ ಆರ್ಮ್‌ಗಳು

ಗೆಳೆಯರೇ, ಇವತ್ತು ತಾಂಡೂರಿನ ನನ್ನ ಶೆಡ್ಡಿನಲ್ಲಿ ಜಾಗೀರದಾರರ ಲಾರಿಯ ಆರು ಸಿಲಿಂಡರ್ ಇಂಜಿನ್ನನ್ನು ಪೆಟ್ರೋಲಿನಿಂದ ಇದ್ದಿಲ ಗ್ಯಾಸಿಗೆ ಬದಲಿಸುತ್ತಿದ್ದೆ. ವಾಲ್ವ್ ಒತ್ತುವ ರಾಕರ್ ಆರ್ಮ್‌ಗಳು ಎರಡು ಸೆಟ್ ಇದ್ದವು: ಒಂದು ಹೊಸದು, ಇನ್ನೊಂದು ಕಾಗಿಣಾ ಹೊಳೆಗೆ ಬಿದ್ದ ಬಸ್ಸಿನದು. ಹೊಸವನ್ನೇ ಆರಿಸಿ, ರೂಢಿಯಂತೆ ಹನ್ನೆರಡಕ್ಕೂ ಮೈತುಂಬ ವಿಭೂತಿ ಬಳಿದು, ಬೀಗ ಹಾಕಿ ಊಟಕ್ಕೆ ಹೋದೆ. ಬಂದವನೇ ವಿಭೂತಿ ಮೆತ್ತಿದ್ದ ಸೆಟ್ಟನ್ನು ಜೋಡಿಸಿ ಇಂಜಿನ್ ಚಾಲೂ ಮಾಡಿದೆ.

ಆ ಬಸ್ಸಿನೊಂದಿಗೆ ಮುಳುಗಿದ ಡ್ರೈವರನ ಅಣ್ಣ ಶರಣಪ್ಪ ದಾರಿಯಲ್ಲಿ ಹೋಗುತ್ತಿದ್ದವರು ಒಳಗೆ ಬಂದರು.

"ಮಿಸ್ತ್ರಿ, ಇದು ನಮ್ಮ ತಮ್ಮನ ಗಾಡಿ ಆವಾಜ್ ಅದ."

"ಇಲ್ರಿ ಕಾಕಾ, ಆ ಬಸ್ಸಿನ ಆರ್ಮ್ ಮೂಲ್ಯಾಗ ಬಿದ್ದಾವ" ಎಂದು ತಿರುಗಿ ನೋಡಿದೆ. ಮೂಲೆಯಲ್ಲಿ ಬಿದ್ದಿದ್ದವು ಹೊಸವು, ವಿಭೂತಿಯ ಸುಳಿವೇ ಇಲ್ಲದೆ. ಬೀಗದ ಕೈ ನನ್ನ ಉಡದಾರದಲ್ಲೇ ಇತ್ತು.

ನಾಳೆ ಹೊಳೆ ದಾರಿ ಬಿಟ್ಟು ಓಡಿಸಿ ನೋಡಬೇಕೆಂದಿದ್ದೇನೆ. ಲಾರಿ ಒಪ್ಪಬೇಕಲ್ಲ.